ಟೆಕ್ಸಾಸ್‌ನಲ್ಲಿ ಚುಕ್ಕೆ ಜಿಂಕೆ ಬೇಟೆ: ಯಾವ ಗುಂಡು, ಎಲ್ಲಿಗೆ ಹೊಡೆಯಬೇಕು?

ಆಸ್ಟಿನ್_ಹೊಸಬ:
ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನದ ಕಡೆ, ಈಗ ಇರೋದು ಆಸ್ಟಿನ್‌ನಲ್ಲಿ. ಆಫೀಸಿನ ಗೆಳೆಯರು ಕೆರ್ವಿಲ್ ಹತ್ತಿರದ ಒಂದು ರಾಂಚ್‌ಗೆ ಬೇಟೆಗೆ ಕರೆದಿದ್ದಾರೆ. ಇಲ್ಲಿನವರು ಆಕ್ಸಿಸ್ ಅನ್ನುವುದು ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯೇ ಅಂತ ಮೊನ್ನೆಯಷ್ಟೇ ಗೊತ್ತಾಯಿತು. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡಿದ್ದೇನೆ. ರೈಫಲ್ ಗೆಳೆಯನದು, .308 ವಿಂಚೆಸ್ಟರ್. ರೇಂಜ್‌ನಲ್ಲಿ ಅಭ್ಯಾಸ ನಡೀತಾ ಇದೆ.

ತೋಟಾ ಕೊಳ್ಳಲು ಅಂಗಡಿಗೆ ಹೋದರೆ ತಲೆ ಕೆಟ್ಟು ಹೋಯಿತು. ಸಾಫ್ಟ್ ಪಾಯಿಂಟ್, ಬಾಂಡೆಡ್, ತಾಮ್ರ, ಮ್ಯಾಚ್... ಒಂದು ಡಬ್ಬಕ್ಕೂ ಪಕ್ಕದ ಡಬ್ಬಕ್ಕೂ ಬೆಲೆ ಎರಡು ಪಟ್ಟು ವ್ಯತ್ಯಾಸ. ನನ್ನ ಪ್ರಶ್ನೆ ಇಷ್ಟೇ. ಪ್ರಾಣಿ ನರಳಬಾರದು. ಅದಕ್ಕೆ ಯಾವ ಗುಂಡು, ಮೈಯಲ್ಲಿ ಯಾವ ಜಾಗ?

ಕೊಡಗಿನ_ಕೋವಿ:
ಸ್ವಾಗತ. ನಾನು ಸ್ಯಾನ್ ಆಂಟೋನಿಯೋದಲ್ಲಿ ಬಹಳ ವರ್ಷದಿಂದ ಇದ್ದೇನೆ. ಆಕ್ಸಿಸ್ ಬೇಟೆಗೆ ಆಗಾಗ ಹೋಗುತ್ತೇನೆ. ನೀವು ಗುಂಡನ್ನು ಮೊದಲು ಕೇಳಿದ್ದೀರಿ. ನಾನು ಜಾಗವನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಸರಿಯಾದ ಜಾಗಕ್ಕೆ ಬಿದ್ದ ಸಾಧಾರಣ ಗುಂಡು ಕೆಲಸ ಮುಗಿಸುತ್ತದೆ. ಹೊಟ್ಟೆಗೆ ಬಿದ್ದ ದುಬಾರಿ ಗುಂಡು ಪ್ರಾಣಿಯನ್ನು ಇಡೀ ರಾತ್ರಿ ಒದ್ದಾಡಿಸುತ್ತದೆ.

ಜಿಂಕೆ ಸಾಯುವುದು ಗುಂಡಿನ ಪೆಟ್ಟಿನ ಜೋರಿಗಲ್ಲ. ಹೃದಯ, ಎರಡೂ ಶ್ವಾಸಕೋಶ, ಅಲ್ಲಿನ ದೊಡ್ಡ ರಕ್ತನಾಳ ಹರಿದು ಮಿದುಳಿಗೆ ರಕ್ತ ನಿಂತಾಗ ಸಾಯುತ್ತದೆ. ಎರಡೂ ಶ್ವಾಸಕೋಶ ತೂತಾದರೆ ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಅದು 50ರಿಂದ 100 ಗಜ ಓಡಬಹುದು. ಹೃದಯಕ್ಕೇ ಬಿದ್ದರೂ ಓಡುತ್ತದೆ. ಓಡಿದ ತಕ್ಷಣ ಗುರಿ ತಪ್ಪಿತು ಅಂದುಕೊಳ್ಳಬೇಡಿ.

ಈ ಜಾಗದ ಅಗಲ ಸುಮಾರು 8 ಇಂಚು. ಪೂರ್ತಿ ಪಕ್ಕೆ ತೋರಿಸಿ ನಿಂತಿದ್ದರೆ ಲೆಕ್ಕ ಸುಲಭ. ಇಲ್ಲಿನ ಬಿಳಿಬಾಲದ ಜಿಂಕೆಗೆ ಎಲ್ಲರೂ ಹೇಳಿಕೊಡುವುದು ಭುಜದ ಹಿಂದಿನ ಮಡಿಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಎತ್ತರ. ಆಕ್ಸಿಸ್‌ಗೆ ಅದಕ್ಕಿಂತ ಸ್ವಲ್ಪ ಮುಂದೆ ಹೋಗಿ. ಮುಂಗಾಲಿನ ಗೆರೆ ಹಿಡಿದು ನೇರ ಮೇಲೆ ಬನ್ನಿ, ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಇದರ ಹೃದಯ ಮುಂಗಾಲುಗಳ ನಡುವೆ, ಕೆಳಗೆ ಕೂತಿರುತ್ತದೆ. ಬಿಳಿಬಾಲದ್ದಕ್ಕೆ ಹೊಡೆದ ಅಭ್ಯಾಸದಲ್ಲಿ ಹಿಂದಕ್ಕೆ ಹೊಡೆದು, ಲಿವರ್‌ಗೋ ಹೊಟ್ಟೆಗೋ ಬಿದ್ದು, ಸೀಡರ್ ಪೊದೆಗಳಲ್ಲಿ ಪ್ರಾಣಿ ಕಳೆದುಕೊಂಡವರನ್ನು ಈ ಭಾಗದ ಯಾವ ಗೈಡ್‌ನ ಕೇಳಿದರೂ ತೋರಿಸುತ್ತಾನೆ.

ಓರೆಯಾಗಿ ಆ ಕಡೆ ಮುಖ ಮಾಡಿ ನಿಂತಿದ್ದರೆ ಈ ಕಡೆಯ ಚರ್ಮ ನೋಡಬೇಡಿ. ಆ ಕಡೆಯ ಮುಂಗಾಲು ಎಲ್ಲಿದೆ ನೋಡಿ, ಗುಂಡು ಅಲ್ಲಿಂದ ಹೊರಬರುವ ಹಾಗೆ ಒಳಗೆ ಕಳಿಸಿ. ಕೆಲವೊಮ್ಮೆ ಅದು ಕೊನೆಯ ಪಕ್ಕೆಲುಬಿನ ಹತ್ತಿರ ಒಳಹೋಗಬೇಕಾಗುತ್ತದೆ, ಹೆದರಬೇಡಿ. ಓರೆಯಾಗಿ ನಿಮ್ಮ ಕಡೆಗೇ ಮುಖ ಮಾಡಿದ್ದರೆ ಕಾಯಿರಿ. ಬೆನ್ನು ತಿರುಗಿಸಿ ಹೋಗುತ್ತಿದ್ದರೆ ಕೋವಿ ಇಳಿಸಿ. ಅಷ್ಟೇ.

ಇನ್ನೊಂದು ಮಾತು. ಇವು ಹಿಂಡು ಹಿಂಡಾಗಿ ಬರುತ್ತವೆ. .308 ಗುಂಡು ಒಂದನ್ನು ದಾಟಿ ಹಿಂದಿನದಕ್ಕೂ ಹೊಡೆಯುತ್ತದೆ. ನಿಮ್ಮದರ ಹಿಂದೆ ಇನ್ನೊಂದರ ಕಾಲು ಕಂಡರೂ ಟ್ರಿಗರ್ ಮುಟ್ಟಬೇಡಿ.

ಮಿಚಿಗನ್_ಮಲ್ನಾಡು:
ಕೊಡಗಿನವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಗುಂಡಿನ ವಿಷಯ ನಾನು ಹೇಳ್ತೀನಿ ಮಾರಾಯ್ರೆ, ಇದರಲ್ಲಿ ಜನ ಸುಮ್ನೆ ದುಡ್ಡು ಸುರೀತಾರೆ. ಹಳೇ ಸಾಫ್ಟ್ ಪಾಯಿಂಟ್ ಅಂದ್ರೆ ತಾಮ್ರದ ಹೊದಿಕೆ, ಒಳಗೆ ಸೀಸ, ತುದಿಯಲ್ಲಿ ಸೀಸ ಹೊರಗೆ ಕಾಣುತ್ತೆ. ಬಿದ್ದಾಗ ಅಣಬೆ ಥರ ಅರಳುತ್ತೆ. ರೆಮಿಂಗ್ಟನ್ ಕೋರ್‌ಲಾಕ್ಟ್ ಬಂದದ್ದು 1939ರಲ್ಲಿ. ಅವತ್ತಿಂದ ಇವತ್ತಿನವರೆಗೆ ಅದರಿಂದ ಸತ್ತ ಜಿಂಕೆಗೆ ಲೆಕ್ಕವೇ ಇಲ್ಲ. 150 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ತಗೊಳ್ಳಿ, 200 ಗಜದೊಳಗೆ ಹೊಡೀರಿ, ನಿದ್ದೆ ಮಾಡಿ.

ನಾನಿರುವ ದಕ್ಷಿಣ ಮಿಚಿಗನ್‌ನಲ್ಲಿ .308ಗೆ ಅನುಮತಿಯೇ ಇಲ್ಲ, ನೇರ ಗೋಡೆಯ ತೋಟಾ ಬೇಕು, ಅಂದ್ರೆ ಬಾಯಿ ಹತ್ತಿರ ಕುತ್ತಿಗೆ ಥರ ಕಿರಿದಾಗದೇ ಇರೋದು. ನಾನು .350 ಲೆಜೆಂಡ್ ಬಳಸೋದು. ಅದರ ಶಕ್ತಿ ನಿಮ್ಮ .308ಗಿಂತ ಬಹಳ ಕಮ್ಮಿ. ಆದ್ರೂ ದೂರ ಮಿತಿಯಲ್ಲಿಟ್ಟುಕೊಂಡರೆ ಕೆಲಸ ನಡೆಯುತ್ತೆ.

ಲ್ಯಾಬ್_ಕೋಟು:
ಬೇಟೆಯವನಲ್ಲ, ಲೋಹಗಳ ಬಗ್ಗೆ ಕೆಲಸ ಮಾಡುವವನು. ಅರಳುವ ಗುಂಡಿನ ಕಥೆಯಲ್ಲಿ ನಮ್ಮ ದೇಶದ ಪಾಲಿದೆ ಅಂತ ಬರೆಯುತ್ತಿದ್ದೇನೆ. ಕೋಲ್ಕತ್ತಾ ಹತ್ತಿರದ ಡಂಡಂ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿ ತೆರೆದ ಗುಂಡು ಮಾಡಿದರು. ಡಂಡಂ ಬುಲೆಟ್ ಅನ್ನುವ ಹೆಸರು ಅಲ್ಲಿಂದಲೇ ಬಂತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡನ್ನು ನಿಷೇಧಿಸಿತು. ಆದರೆ ಜಿಂಕೆಯ ವಿಷಯದಲ್ಲಿ ಕಾನೂನು ತಿರುವುಮುರುವು. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಅರಳದ ಗುಂಡಿನಿಂದ ಜಿಂಕೆ ಹೊಡೆದರೆ ಅಪರಾಧ. ಇದರಲ್ಲಿ ವಿರೋಧಾಭಾಸ ಇಲ್ಲ. ಸೈನಿಕ ಗಾಯಗೊಂಡು ಬದುಕಲಿ ಅನ್ನೋದು ಅಲ್ಲಿನ ಲೆಕ್ಕ. ಜಿಂಕೆ ಗಾಯಗೊಂಡು ಬದುಕದಿರಲಿ ಅನ್ನೋದು ಇಲ್ಲಿನದು.

ಪೂರ್ತಿ ತಾಮ್ರ ಹೊದಿಸಿದ ಸೇನೆಯ ಮಾದರಿ ಗುಂಡು ಅಗ್ಗವಾಗಿ ಸಿಗುತ್ತದೆ. ರೇಂಜ್‌ನಲ್ಲಿ ಅದನ್ನೇ ಹೊಡೆಯುತ್ತಿದ್ದೀರಿ ಅಂತ ಕಾಣುತ್ತದೆ. ಕಾಡಿಗೆ ಒಯ್ಯಬೇಡಿ. ಒಳಗಿಂದ ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ.

ತರಕಾರಿ_ಊಟ:
ಕ್ಷಮಿಸಿ, ನೀವೆಲ್ಲ ಇಷ್ಟು ಸಲೀಸಾಗಿ ಮಾತಾಡುವುದು ನೋಡಿ ಸಂಕಟವಾಗುತ್ತೆ. ನಾಗರಹೊಳೆಯಲ್ಲಿ ಜೀಪಿನಿಂದ ಮಕ್ಕಳಿಗೆ ತೋರಿಸುವ ಪ್ರಾಣಿ ಇದು. ನರಳದ ಹಾಗೆ ಕೊಲ್ಲೋದು ಅನ್ನುವುದಕ್ಕಿಂತ ಕೊಲ್ಲದೇ ಇರಬಹುದಲ್ವಾ?

ಕೊಡಗಿನ_ಕೋವಿ:
ನಿಮ್ಮ ಮಾತಿಗೆ ಗೌರವ ಇದೆ ಮೇಡಂ/ಸಾರ್. ಆದರೆ ನಾಗರಹೊಳೆಯಲ್ಲಿ ಹುಲಿ ಇದೆ, ಚಿರತೆ ಇದೆ, ಕಾಡುನಾಯಿ ಇದೆ. 1932ರಲ್ಲಿ ಇವನ್ನು ಟೆಕ್ಸಾಸ್‌ಗೆ ತಂದವರು ಅವನ್ನು ತರಲಿಲ್ಲ. ಬೇಲಿ ಹಾರಿ ಇಡೀ ಹಿಲ್ ಕಂಟ್ರಿ, ಅಂದರೆ ಕೆರ್ವಿಲ್ ಸುತ್ತಿನ ಗುಡ್ಡಗಾಡು, ತುಂಬಿಕೊಂಡಿವೆ. ಹುಲ್ಲು ಇರುವಾಗ ಹುಲ್ಲು ತಿನ್ನುತ್ತವೆ, ಬರ ಬಂದರೆ ಗಿಡದ ಎಲೆಗೆ ಬಾಯಿ ಹಾಕುತ್ತವೆ. ಬಿಳಿಬಾಲದ ಜಿಂಕೆಗೆ ಎಲೆಯೇ ಊಟ, ಹುಲ್ಲು ತಿಂದು ಬದುಕಲಾರದು. ಕೆರ್ ವನ್ಯಜೀವಿ ಪ್ರದೇಶದಲ್ಲಿ 1971ರಲ್ಲಿ 96 ಎಕರೆಗೆ ಬೇಲಿ ಹಾಕಿ ಆರು ಬಿಳಿಬಾಲದ ಜಿಂಕೆ, ಆರು ಸೀಕಾ ಜಿಂಕೆ ಬಿಟ್ಟು ನೋಡಿದರು. ಸೀಕಾ ಕೂಡ ಏಷ್ಯಾದಿಂದ ಬಂದದ್ದೇ, ಹುಲ್ಲು ಎಲೆ ಎರಡೂ ತಿನ್ನುತ್ತದೆ. ಹತ್ತು ವರ್ಷದೊಳಗೆ ಬಿಳಿಬಾಲದ್ದು ಒಂದೂ ಉಳಿಯಲಿಲ್ಲ. ಅದಕ್ಕೇ ಇಲ್ಲಿ ಆಕ್ಸಿಸ್‌ಗೆ ಬೇಟೆಯ ಋತು ಅಂತಿಲ್ಲ. ಜಮೀನಿನವರ ಒಪ್ಪಿಗೆ ಮತ್ತು ಲೈಸೆನ್ಸ್ ಇದ್ದರೆ ವರ್ಷವಿಡೀ ಬೇಟೆ.

ತರಕಾರಿ_ಊಟ:
ಬೇಲಿಯ ಲೆಕ್ಕ ನನಗೆ ಗೊತ್ತಿರಲಿಲ್ಲ. ಒಪ್ಪುತ್ತೇನೆ ಅಂತ ಹೇಳಲಾರೆ. ಆದರೂ ಓದುತ್ತಿದ್ದೇನೆ.

ನಿರ್ವಾಹಕ:
ಎರಡು ಮಾತು. ಒಂದು, ಈ ಚರ್ಚೆ ಬೇಟೆ ಕಾನೂನುಬದ್ಧವಾಗಿರುವ ಜಾಗಗಳದ್ದು ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆ ಜಿಂಕೆ ಬೇಟೆ ಅಪರಾಧ. ಊರಿನ ಶಿಕಾರಿ ಕಥೆಗಳನ್ನು ಇಲ್ಲಿ ಹಾಕಿದರೆ ತೆಗೆದುಹಾಕುತ್ತೇವೆ. ಎರಡು, ಎಚ್-1ಬಿ ವೀಸಾದಲ್ಲಿ ಇರುವವರು ಗಮನಿಸಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಆ ಥರದ ವೀಸಾದವರು ಬಂದೂಕು, ತೋಟಾ ಹೊಂದುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ರೇಂಜ್‌ಗೆ ಹೋಗುವಾಗಲೂ ಅದು ಜೇಬಿನಲ್ಲಿರಲಿ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಇಲ್ಲಿ ಅಲ್ಲ.

ಸ್ಯಾಕ್ರಮೆಂಟೋ_ಅಮ್ಮ:
ಮಿಚಿಗನ್ ಅಣ್ಣನ ಸಾಫ್ಟ್ ಪಾಯಿಂಟ್ ಮಾತಿಗೆ ನನ್ನ ತಕರಾರು ಇದೆ. ಅದು ಕೊಲ್ಲುತ್ತದೆ, ಸರಿ. ಆಮೇಲೆ ತಿನ್ನುವವರು ಯಾರು? ಸೀಸದ ಗುಂಡು ಅರಳುವಾಗ ಚೂರುಚೂರಾಗಿ ಉದುರುತ್ತದೆ. ಆ ಚೂರು ಗಾಯದಿಂದ ಗೇಣು ದೂರ, ಕೆಲವೊಮ್ಮೆ ಇನ್ನೂ ಜಾಸ್ತಿ ದೂರದ ಮಾಂಸದಲ್ಲಿ ಕೂರುತ್ತದೆ. ಕಣ್ಣಿಗೆ ಕಾಣಲ್ಲ, ಹಲ್ಲಿಗೆ ಸಿಗಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಮಾಂಸವನ್ನು ಎಕ್ಸ್‌ರೇ ಮಾಡಿದಾಗ ಸೀಸ ಸಿಕ್ಕಿ, ಉಳಿದದ್ದನ್ನೆಲ್ಲ ಎಸೆಯಲು ರಾಜ್ಯವೇ ಹೇಳಿತು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿದ್ದು 22. ಹಾಗಾಗಿ ನಾವು ಇಲ್ಲಿ ಎಲ್ಲರೂ ತಾಮ್ರದ ಗುಂಡೇ. ಬಾರ್ನ್ಸ್‌ನವರ ಟಿಟಿಎಸ್‌ಎಕ್ಸ್ ಥರದ್ದು. ಅರಳಿದಾಗ ನಾಲ್ಕು ದಳ ಬಿಚ್ಚುತ್ತದೆ, ತೂಕ ಹೆಚ್ಚುಕಮ್ಮಿ ಪೂರ್ತಿ ಉಳಿಯುತ್ತದೆ.

ಮಿಚಿಗನ್_ಮಲ್ನಾಡು:
ಅಕ್ಕಾ, ಮಕ್ಕಳ ಮಾತು ಒಪ್ಪಿದೆ. ಆದ್ರೆ ತಾಮ್ರ ನಿಧಾನವಾದ್ರೆ ಅರಳಲ್ಲ. ಪೆನ್ಸಿಲ್ ತೂತು ಮಾಡಿ ಹೋಗುತ್ತೆ. ಆಗ ಪ್ರಾಣಿ ಮೈಲಿ ಓಡುತ್ತೆ. ನರಳಬಾರದು ಅನ್ನೋದು ಮೊದಲ ಪ್ರಶ್ನೆ ಅಲ್ವಾ?

ಲ್ಯಾಬ್_ಕೋಟು:
ಇಬ್ಬರ ಮಾತೂ ಸರಿ, ಮಧ್ಯೆ ಇರುವುದು ವೇಗದ ಲೆಕ್ಕ. ಹೆಚ್ಚಿನ ಸಾಫ್ಟ್ ಪಾಯಿಂಟ್ ಅರಳಲು ಬಿದ್ದಾಗ ಸೆಕೆಂಡಿಗೆ ಸುಮಾರು 1,800 ಅಡಿ ವೇಗ ಇರಬೇಕು. ತಾಮ್ರಕ್ಕೆ 2,000 ಅಡಿ ಅಂತ ಇಟ್ಟುಕೊಳ್ಳಿ. ಡಬ್ಬದ ಮೇಲೋ ಕಂಪನಿಯ ಪಟ್ಟಿಯಲ್ಲೋ ಕನಿಷ್ಠ ವೇಗ ಬರೆದಿರುತ್ತಾರೆ. 150 ಗ್ರೇನ್ .308 ನಳಿಗೆಯಿಂದ ಹೊರಡುವಾಗ 2,800 ಅಡಿ ಆಸುಪಾಸು. 200 ಗಜದಲ್ಲಿ ಎರಡೂ ಬಗೆಯ ಗುಂಡಿಗೆ ಬೇಕಾದಷ್ಟು ವೇಗ ಉಳಿದಿರುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕೇ ತಾಮ್ರ ಕೊಳ್ಳುವವರು ತೂಕ ಒಂದು ಮೆಟ್ಟಿಲು ಇಳಿಸುತ್ತಾರೆ. 165ರ ಬದಲು 150, 150ರ ಬದಲು 130. ಹಗುರವಾದರೆ ವೇಗ ಜಾಸ್ತಿ, ವೇಗ ಜಾಸ್ತಿಯಾದರೆ ಅರಳುವುದು ಖಾತ್ರಿ.

ಕೊಡಗಿನ_ಕೋವಿ:
ಆಕ್ಸಿಸ್ ಗಂಡು ಅಂದರೆ ಇಲ್ಲಿನ ಬಿಳಿಬಾಲದ್ದಕ್ಕಿಂತ ದೊಡ್ಡ ಮೈ. ಮೇಲೆ ನಾನು ಹೇಳಿದ್ದು ಭುಜದ ಗೆರೆ. ಅಂದರೆ ಗುಂಡು ಎಲುಬು ಮುರಿದು ಒಳಗೆ ಹೋಗಬೇಕಾಗಬಹುದು. ಬೇಗ ಒಡೆದು ಚೂರಾಗುವ ಗುಂಡು ಇಲ್ಲಿ ಬೇಡ. ಮ್ಯಾಚ್ ಗುಂಡು ಬೇಡವೇ ಬೇಡ, ಅದನ್ನು ಮಾಡಿರುವುದು ಕಾಗದದಲ್ಲಿ ತೂತು ಹೊಡೆಯಲು. ಸೀಸದ್ದೇ ಬೇಕು ಅಂದರೆ ಹೊದಿಕೆಗೂ ಸೀಸಕ್ಕೂ ಬೆಸುಗೆ ಹಾಕಿದ ಬಾಂಡೆಡ್ ಗುಂಡು ತಗೊಳ್ಳಿ, ಇಲ್ಲವೇ ನೋಸ್ಲರ್ ಪಾರ್ಟಿಶನ್. ಆ ಪಾರ್ಟಿಶನ್ ಹುಟ್ಟಿದ್ದೇ ಇಂಥ ತೊಂದರೆಯಿಂದ. ಜಾನ್ ನೋಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್‌ಗೆ ಹತ್ತಿರದಿಂದ ಹೊಡೆದಾಗ ಗುಂಡುಗಳು ಮೇಲ್ಮೈಯಲ್ಲೇ ಒಡೆದುಹೋದವು. ಆಮೇಲೆ ಆತ ನಡುವೆ ತಾಮ್ರದ ಗೋಡೆ ಇಟ್ಟು ಗುಂಡು ಮಾಡಿದ. ಮುಂದಿನ ಅರ್ಧ ಅರಳಿ ಕಿತ್ತುಹೋದರೂ ಹಿಂದಿನ ಅರ್ಧ ಮುಂದುವರಿಯುತ್ತದೆ.

ನನ್ನ ಕೋವಿಗೆ ಈಗ ತಾಮ್ರವೇ. ಮನೆಯಲ್ಲಿ ಮೊಮ್ಮಕ್ಕಳು ಪಂದಿಕರಿ ಮಸಾಲೆ ಹಾಕಿದ ಆಕ್ಸಿಸ್ ತಿನ್ನುತ್ತಾರೆ.

ಕೆಂಟ್_ಕನ್ನಡಿಗ:
ಇಂಗ್ಲೆಂಡಿನಿಂದ. ಇಲ್ಲಿ ಈ ವಾದ ಅರ್ಧ ಕಾನೂನೇ ಮುಗಿಸಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ದೊಡ್ಡ ಜಾತಿಯ ಜಿಂಕೆಗೆ ಕನಿಷ್ಠ .240 ಕ್ಯಾಲಿಬರ್ (ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ), ನಳಿಗೆಯ ಬಾಯಲ್ಲಿ ಕನಿಷ್ಠ 1,700 ಅಡಿ-ಪೌಂಡ್ ಶಕ್ತಿ, ಅರಳುವ ಗುಂಡು ಮಾತ್ರ. ನಾರ್ವೆಯಲ್ಲಿ ಇನ್ನೂ ಬಿಗಿ. ದೊಡ್ಡ ಪ್ರಾಣಿ ಬೇಟೆಗೆ ಹೋಗುವವರು ಪ್ರತಿ ವರ್ಷ ಗುರಿ ಪರೀಕ್ಷೆ ಪಾಸಾಗಬೇಕು. 100 ಮೀಟರ್‌ನಲ್ಲಿ ಐದು ಗುಂಡು, ಐದೂ 30 ಸೆಂಟಿಮೀಟರ್ ವೃತ್ತದೊಳಗೆ. ಟೆಕ್ಸಾಸ್‌ನಲ್ಲಿ ಆನ್‌ಲೈನ್ ಕೋರ್ಸ್ ಮುಗಿಸಿದವರಿಗೆ ಗುರಿ ಪರೀಕ್ಷೆಯೇ ಇಲ್ಲ ಅಂತ ಕೇಳಿ ನನಗೆ ಆಶ್ಚರ್ಯ.

ಆಸ್ಟಿನ್_ಹೊಸಬ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಗೆಳೆಯ ಹೇಳ್ತಾನೆ, ಕುತ್ತಿಗೆಗೆ ಹೊಡಿ, ನಿಂತಲ್ಲೇ ಬೀಳುತ್ತೆ, ಮಾಂಸವೂ ಹಾಳಾಗಲ್ಲ ಅಂತ. ಅದೇ ಬೇಗ ಸಾಯೋದಲ್ವಾ?

ಸ್ಯಾಕ್ರಮೆಂಟೋ_ಅಮ್ಮ:
ಬೇಡ.

ಕೊಡಗಿನ_ಕೋವಿ:
ಅಕ್ಕ ಒಂದೇ ಪದದಲ್ಲಿ ಮುಗಿಸಿದರು. ನಾನು ಕಾರಣ ಹೇಳುತ್ತೇನೆ. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಬಿದ್ದರೆ ನಿಮ್ಮ ಗೆಳೆಯ ಹೇಳಿದ ಹಾಗೆ ನಿಂತಲ್ಲೇ ಬೀಳುತ್ತದೆ. ಆ ಗುರಿ ಎರಡು ಮೂರು ಇಂಚು ಅಷ್ಟೇ, ಹೊರಗಿನಿಂದ ಕಾಣುವುದೂ ಇಲ್ಲ. ಎರಡಿಂಚು ಕೆಳಗೆ ಬಿದ್ದರೆ ಗಂಟಲು ಹರಿಯುತ್ತದೆ. ತಲೆಗೆ ಹೊಡೆದರೆ ಇನ್ನೂ ಕಷ್ಟ, ತಲೆ ಸುಮ್ಮನೆ ಇರುವುದೇ ಇಲ್ಲ. ದವಡೆ ಮುರಿದ ಜಿಂಕೆ ಓಡಿಹೋಗುತ್ತದೆ, ಮೇಯಲಾರದೆ ದಿನಗಟ್ಟಲೆ ಹಸಿದು ಸಾಯುತ್ತದೆ. ಎದೆಯಲ್ಲಿ ನಾಲ್ಕಿಂಚು ತಪ್ಪಿದರೂ ಒಂದಾದರೂ ಮುಖ್ಯ ಅಂಗ ಸಿಗುತ್ತದೆ. ಕುತ್ತಿಗೆಯಲ್ಲಿ ತಪ್ಪಿಗೆ ಜಾಗವೇ ಇಲ್ಲ. ಒಂದು ಭುಜದ ಮಾಂಸ ಹೋದರೆ ಹೋಗಲಿ ಬಿಡಿ. ಎರಡು ಕಿಲೋ ಮಾಂಸ ಉಳಿಸಲು ಇಡೀ ಪ್ರಾಣಿಯನ್ನು ಪಣಕ್ಕಿಡುವುದು ಯಾವ ಲೆಕ್ಕ?

ವಿಸ್ಕಾನ್ಸಿನ್_ಚಳಿ:
ಇನ್ನೊಂದು ಕಾರಣ ಸೇರಿಸುತ್ತೇನೆ. ನಮ್ಮಲ್ಲಿ 2002ರಿಂದ ಜಿಂಕೆಗಳಿಗೆ ಸಿಡಬ್ಲ್ಯೂಡಿ ರೋಗ ಇದೆ, ಮಿದುಳು ತಿನ್ನುವ ರೋಗ. ಟೆಕ್ಸಾಸ್‌ನ ಬಿಳಿಬಾಲದವುಗಳಲ್ಲೂ ಸಿಕ್ಕಿದೆ. ಪರೀಕ್ಷೆಗೆ ಗಂಟಲ ಹಿಂದಿನ ಗ್ರಂಥಿಯನ್ನು ತೆಗೆದು ಕಳಿಸಬೇಕು. ಬಿಳಿಬಾಲದ್ದಕ್ಕೆ ತಲೆಗೋ ಕುತ್ತಿಗೆಯ ಮೇಲ್ಭಾಗಕ್ಕೋ ಹೊಡೆದರೆ ಆ ಸ್ಯಾಂಪಲ್ ಹಾಳು.

ಹೊಡೆದ ಮೇಲೆ ಏನು ಅಂತ ಯಾರೂ ಹೇಳಿಲ್ಲ. ಟ್ರಿಗರ್ ಎಳೆದ ಕೂಡಲೇ ಇನ್ನೊಂದು ತೋಟಾ ನಳಿಗೆಗೆ ಹೋಗಬೇಕು, ಕಣ್ಣು ಸ್ಕೋಪ್ ಬಿಡಬಾರದು. ಪ್ರಾಣಿ ಇನ್ನೂ ನಿಂತಿದ್ದು ಪಕ್ಕೆ ತೋರಿಸಿದರೆ ಇನ್ನೊಂದು ಹೊಡೆಯಿರಿ, ನಾಚಿಕೆ ಬೇಡ. ಹಿಂಗಾಲು ಝಾಡಿಸಿ ಒದ್ದು ಓಡಿದರೆ ಸಾಮಾನ್ಯವಾಗಿ ಹೃದಯದ ಹತ್ತಿರ ಬಿದ್ದಿರುತ್ತದೆ. ಬೆನ್ನು ಗೂನು ಮಾಡಿ ನಿಧಾನ ನಡೆದರೆ ಹೊಟ್ಟೆ. ಎಲ್ಲಿ ನಿಂತಿತ್ತು, ಕೊನೆಗೆ ಎಲ್ಲಿ ಮರೆಯಾಯಿತು, ಎರಡೂ ಜಾಗಕ್ಕೆ ಒಂದೊಂದು ಮರ ಗುರುತು ಹಾಕಿಕೊಳ್ಳಿ. ನಡೆದು ಹೋದ ಮೇಲೆ ಎಲ್ಲ ಪೊದೆಯೂ ಒಂದೇ ಥರ ಕಾಣುತ್ತದೆ.

ನೆತ್ತರಿನ ಬಣ್ಣ ನೋಡಿ. ನೊರೆ ನೊರೆ ತಿಳಿ ಕೆಂಪಾದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋದರೆ ಸಾಕು. ಕಪ್ಪು ಕೆಂಪಾದರೆ ಲಿವರ್, ಮೂರು ನಾಲ್ಕು ಗಂಟೆ ಬಿಡಿ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆ. ಆಗ ಹಿಂದೆ ಹಿಂದೆಯೇ ಹೋಗಿ ಎಬ್ಬಿಸಿದರೆ ಸಿಗುವುದೇ ಇಲ್ಲ. ಆರೆಂಟು ಗಂಟೆ ಬಿಟ್ಟು, ಹಗ್ಗ ಕಟ್ಟಿದ ಜಾಡು ನಾಯಿ ಇರುವವರನ್ನು ಕರೆಯಿರಿ.

ಆಸ್ಟಿನ್_ಹೊಸಬ:
ಆರೆಂಟು ಗಂಟೆ ನರಳಲು ಬಿಡಬೇಕಾ? ಅದು ಕ್ರೂರ ಅನ್ನಿಸುತ್ತೆ.

ವಿಸ್ಕಾನ್ಸಿನ್_ಚಳಿ:
ಕ್ರೂರವೇ. ಆದರೆ ತಳ್ಳಿಕೊಂಡು ಹೋದರೆ ಅದು ಮಲಗಿದ್ದಲ್ಲಿಂದ ಎದ್ದು ಇನ್ನೊಂದು ಮೈಲಿ ಹೋಗಿ, ಯಾರ ಕೈಗೂ ಸಿಗದೆ ಅದಕ್ಕಿಂತ ಹೆಚ್ಚು ಹೊತ್ತು ನರಳುತ್ತದೆ. ಮಲಗಿರುವುದು ಕಣ್ಣಿಗೆ ಕಾಣುತ್ತಿದ್ದು ಹೊಡೆಯಲು ಸಾಧ್ಯವಿದ್ದರೆ ಮಾತ್ರ ತಕ್ಷಣ ಇನ್ನೊಂದು ಗುಂಡು. ಟೆಕ್ಸಾಸ್ ಬಿಸಿಲಲ್ಲಿ ಕಾದರೆ ಮಾಂಸ ಕೆಡುತ್ತದೆ, ಗೊತ್ತು. ಅದಕ್ಕೇ ಹೊಟ್ಟೆಗೆ ಬೀಳುವ ಅವಕಾಶವೇ ಕೊಡಬೇಡಿ ಅಂತ ಮೇಲಿನಿಂದ ಎಲ್ಲರೂ ಬಡಿದುಕೊಳ್ಳುತ್ತಿರುವುದು.

ಮಿಚಿಗನ್_ಮಲ್ನಾಡು:
ಹೊಸಬರೇ, ನಿಮ್ಮ ದೂರ ಎಷ್ಟು ಅಂತ ಕಂಡುಹಿಡಿಯೋದು ಹೀಗೆ. ಊಟದ ಪೇಪರ್ ತಟ್ಟೆಯ ನಡುವೆ 8 ಇಂಚಿನ ವೃತ್ತ ಬರೆದು ಕಂಬಕ್ಕೆ ಸಿಕ್ಕಿಸಿ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದದ್ದು ಲೆಕ್ಕಕ್ಕಿಲ್ಲ. ಅಟ್ಟಣೆಯಲ್ಲಿ ಕೂರುವ ಹಾಗೆ ಕೂತು, ಇಲ್ಲವೇ ಕೋಲಿಗೆ ಆನಿಸಿ ನಿಂತು, ಒಂದಿಷ್ಟು ಓಡಿ ಬಂದು ಏದುಸಿರು ಬಿಡ್ತಾ ಹೊಡೀರಿ. ಎಲ್ಲ ಗುಂಡೂ ವೃತ್ತದೊಳಗೆ ಬೀಳೋ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. 120 ಗಜ ಅಂದ್ರೆ 120. ಯಾರು ಎಷ್ಟೇ ಹುರಿದುಂಬಿಸಲಿ.

ಮತ್ತೆ, ರೇಂಜ್‌ನಲ್ಲಿ ಅಗ್ಗದ ತೋಟಾದಲ್ಲಿ ಗುರಿ ಕೂರಿಸಿ, ಕಾಡಿಗೆ ಬೇರೆ ಡಬ್ಬ ಒಯ್ಯಬೇಡಿ. ಗುಂಡು ಬದಲಾದ್ರೆ ಬೀಳೋ ಜಾಗವೂ ಬದಲಾಗುತ್ತೆ. ಬೇಟೆಗೆ ಒಯ್ಯುವ ಡಬ್ಬದಿಂದಲೇ ಸ್ಕೋಪ್ ಕೂರಿಸಿ.

ಕೆಂಟ್_ಕನ್ನಡಿಗ:
ಅಟ್ಟಣೆ ಅಂದಿದ್ದಕ್ಕೆ ಒಂದು ಮಾತು. ಎತ್ತರದಿಂದ ಹತ್ತಿರದ ಪ್ರಾಣಿಗೆ ಹೊಡೆಯುವಾಗ ಗುಂಡು ಇಳಿಜಾರಾಗಿ ಹೋಗುತ್ತದೆ. ಒಳಹೋಗುವ ಜಾಗ ಸ್ವಲ್ಪ ಮೇಲಿರಲಿ, ಆ ಕಡೆ ಕೆಳಗಿನಿಂದ ಹೊರಬರಲಿ. ಇಲ್ಲದಿದ್ದರೆ ಒಂದೇ ಶ್ವಾಸಕೋಶ ಸಿಗುತ್ತದೆ. ಒಂದೇ ಶ್ವಾಸಕೋಶದಲ್ಲಿ ಜಿಂಕೆ ಬಹಳ ದೂರ ಹೋಗಬಲ್ಲದು.

ತರಕಾರಿ_ಊಟ:
ಸುಮ್ನೆ ಕೇಳ್ತೀನಿ. ಎದೆಯ ಜಾಗ ಸಿಗಲಿಲ್ಲ, ಓರೆಯಾಗೇ ನಿಂತಿತ್ತು, ಕತ್ತಲಾಯಿತು. ಆಗ ಏನು ಮಾಡ್ತೀರಿ? ರಾಂಚ್‌ಗೆ ದುಡ್ಡು ಕೊಟ್ಟಿರ್ತೀರಲ್ವಾ?

ಕೊಡಗಿನ_ಕೋವಿ:
ದುಡ್ಡು ಕೊಟ್ಟು ವಾಪಸ್ ಬರುತ್ತೇವೆ. ಕೆಲವು ರಾಂಚ್‌ಗಳಲ್ಲಿ ಗಾಯ ಮಾಡಿ ಕಳೆದುಕೊಂಡರೂ ಕೊಂದಷ್ಟೇ ಶುಲ್ಕ. ರಕ್ತದ ಹನಿ ಕಂಡರೆ ಬಿಲ್ ಬಂತು ಅಂತ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಬಹಳ ಒಳ್ಳೆಯ ನಿಯಮ ಅನ್ನುವುದು ನನ್ನ ಅಭಿಪ್ರಾಯ, ಬೆರಳಿಗೆ ಸ್ವಲ್ಪ ಬುದ್ಧಿ ಬರುತ್ತದೆ. ಹೊಸಬರು ಸಹಿ ಹಾಕುವ ಮೊದಲು ಅದನ್ನು ಓದಿಕೊಳ್ಳಿ.

ಆಸ್ಟಿನ್_ಹೊಸಬ:
ಓದಿದೆ, ನಮ್ಮ ರಾಂಚ್‌ನಲ್ಲೂ ಅದೇ ನಿಯಮ ಇದೆ. ತಾಮ್ರದ 150 ಗ್ರೇನ್ ಎರಡು ಡಬ್ಬ ತಂದಿದ್ದೇನೆ. ಒಂದು ರೇಂಜ್‌ಗೆ, ಒಂದು ಬೇಟೆಗೆ. ವೃತ್ತ ಬರೆದ ತಟ್ಟೆಯ ಪರೀಕ್ಷೆ ಕೋಲಿಗೆ ಆನಿಸಿ ಮಾಡಿದೆ, 100 ಗಜಕ್ಕೆ ಪರವಾಗಿಲ್ಲ, 150ಕ್ಕೆ ಹರಡುತ್ತಿದೆ. ಗೈಡ್‌ಗೆ 100 ಅಂತಲೇ ಹೇಳುತ್ತೇನೆ. ಜಿಂಕೆಗೆ ಕಾಳು ಹಾಕುವ ಫೀಡರ್ ಅಟ್ಟಣೆಯಿಂದ ಅಷ್ಟೇ ದೂರದಲ್ಲಿದೆಯಂತೆ. ಜೂನ್ ತಿಂಗಳು, ಸೆಕೆ ಜಾಸ್ತಿ. ಮಾಂಸಕ್ಕೆ ಎಷ್ಟು ಐಸ್ ಒಯ್ಯಬೇಕು?

ಕೊಡಗಿನ_ಕೋವಿ:
ದೊಡ್ಡ ಐಸ್ ಪೆಟ್ಟಿಗೆ ಎರಡು. ಒಂದರಲ್ಲಿ ಮಾಂಸ, ಇನ್ನೊಂದರ ತುಂಬಾ ಐಸ್ ಹೆಚ್ಚುವರಿ. ಹೊಡೆದ ಕೂಡಲೇ ಕರುಳು ತೆಗೆದು ಚರ್ಮ ಬಿಡಿಸಿಬಿಡಿ, ಮೈಯ ಕಾವು ಇಳಿಯಬೇಕು. ಮಾಂಸ ಕರಗಿದ ನೀರಿನಲ್ಲಿ ನೆನೆಯಬಾರದು, ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದಿಟ್ಟು ಕಾರನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ. ಗುಂಡು ಹೋದ ದಾರಿಯ ಸುತ್ತ ರಕ್ತ ಹೆಪ್ಪುಗಟ್ಟಿದ ಮಾಂಸವನ್ನು ಕೈ ಬಿಗಿ ಮಾಡದೆ ಕತ್ತರಿಸಿ ಎಸೆಯಿರಿ. ಬರುವಾಗ ಸ್ಯಾನ್ ಆಂಟೋನಿಯೋ ಮೇಲೆ ಬರುವುದಾದರೆ ಮೆಸೇಜ್ ಹಾಕಿ, ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ಒಂದು ಬಾಟಲಿ ಕೊಡುತ್ತೇನೆ.